ಫೋಕ್ಟ್‌ಲೆಂಡರ್ ಸಂಸ್ಥೆಯೂ ಪೆಟ್ಸ್‌ವಾಲನ ಮಸೂರವೂ

ಯೋಹಾನ್ ಕ್ರಿಸ್ಟೋಫ್ ಫೋಕ್ಟ್‌ಲೆಂಡರ್ ಎಂಬಾತನು 1756ರಲ್ಲಿ ವಿಯೆನ್ನಾ ನಗರದಲ್ಲಿ ಅಳತೆಯ ಉಪಕರಣಗಳನ್ನು ತಯಾರಿಸುವ ಕಾರ್ಯಾಗಾರವೊಂದನ್ನು ತೆರೆದನು. ಛಾಯಾಗ್ರಹಣವು ಹುಟ್ಟುವುದಕ್ಕೆ ಆಗ ಇನ್ನೂ ಎಂಬತ್ತಕ್ಕೂ ಹೆಚ್ಚು ವರ್ಷಗಳಿದ್ದವು.

1839ರಲ್ಲಿ ಪ್ಯಾರಿಸ್ಸಿನಿಂದ ದಾಗೆರನ ವಿಧಾನವು ಪ್ರಕಟವಾದಾಗ ಯೂರೋಪು ಬೆರಗಾಯಿತೇನೋ ನಿಜ. ಆದರೆ ಅಂದಿನ ಮಸೂರಗಳು ಒಳಬಿಡುತ್ತಿದ್ದ ಬೆಳಕು ತೀರ ಅಲ್ಪ. ಬಿಸಿಲಿನಲ್ಲಿಯೂ ಹಲವಾರು ನಿಮಿಷ ಕಾಯಬೇಕಾಗಿತ್ತು. ಕಟ್ಟಡಗಳು ಕಾದಾವು, ಮನುಷ್ಯನ ಮುಖ ಕಾಯಲಾರದು. ವಿಯೆನ್ನಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲನು ಈ ತೊಡಕನ್ನು ಕೈಗೆತ್ತಿಕೊಂಡನು. ಗಾಜನ್ನು ಉಜ್ಜಿ ಉಜ್ಜಿ ನೋಡುವ ಹಳೆಯ ಪದ್ಧತಿಯನ್ನು ಬಿಟ್ಟು, ಮಸೂರದ ವಕ್ರತೆಗಳನ್ನೆಲ್ಲ ಲೆಕ್ಕದಿಂದಲೇ ನಿರ್ಣಯಿಸಹೊರಟನು. ಆ ಲೆಕ್ಕವಾದರೋ ಒಬ್ಬನಿಂದ ಮುಗಿಯುವಂತಹದಲ್ಲ. ಫಿರಂಗಿಗಳ ಗುರಿಯನ್ನು ಗಣಿಸಿ ಪಳಗಿದ್ದ ಸೈನಿಕರನ್ನು ಆರ್ಚ್‌ಡ್ಯೂಕ್ ಲುಡ್ವಿಗನು ನೆರವಿಗೆ ಕೊಟ್ಟನು. ಫಿರಂಗಿ ದಳದವರ ಕೂಡುಕಳೆಯುವಿಕೆಯಿಂದ ಮನುಷ್ಯರ ಭಾವಚಿತ್ರಕ್ಕೆ ದಾರಿಯಾದುದು ಸೋಜಿಗವೇ ಸರಿ!

ಗಾಜಿನ ಗುಣಗಳನ್ನು ಅಳೆದುಕೊಟ್ಟು, 1840ರಲ್ಲಿ ಆ ಮಸೂರವನ್ನು ಮಾಡಿದವನು ಸ್ಥಾಪಕನ ಮೊಮ್ಮಗ ಫ್ರೀಡ್ರಿಶ್ ಫೋಕ್ಟ್‌ಲೆಂಡರ್. ನಾಲ್ಕು ಗಾಜುಗಳ ಈ ಮಸೂರವು ದಾಗೆರನ ಮಸೂರಕ್ಕಿಂತ ಸುಮಾರು 16 ಪಟ್ಟು ಬೆಳಕನ್ನು ಕೊಡುತ್ತಿತ್ತು. ಚಿತ್ರದ ಅಂಚು ಮಸುಕಾಗುತ್ತಿದ್ದರೂ ನಡುವಿನ ಮುಖವು ಸ್ಫುಟವಾಗಿ ಮೂಡುತ್ತಿತ್ತು. ಮರುವರ್ಷ ಹೊರಬಂದ ಕ್ಯಾಮರಾ ಹಿತ್ತಾಳೆಯದು. ದೂರದರ್ಶಕದಂತೆ ಪೀಠದ ಮೇಲೆ ಕುಳಿತ ಅದರಲ್ಲಿ ಗುಂಡನೆಯ ಚಿತ್ರಗಳು ಬರುತ್ತಿದ್ದವು.

ಪೆಟ್ಸ್‌ವಾಲನಿಗೆ ದೊರೆತುದೇನು? ಒಂದೇ ಸಲಕ್ಕೆ 2,000 ಗುಲ್ಡನ್. ಮಸೂರಗಳು ಸಾವಿರಗಟ್ಟಲೆ ಮಾರಾಟವಾದರೂ ಅವನ ಪಾಲು ಅಷ್ಟೇ. ಜಗಳ ಬೆಳೆಯಿತು. ಆಸ್ಟ್ರಿಯದ ಹೊರಗೆ ಮಸೂರಕ್ಕೆ ಪೇಟೆಂಟಿನ ರಕ್ಷಣೆ ಇರಲಿಲ್ಲ. 1849ರಲ್ಲಿ ಫೋಕ್ಟ್‌ಲೆಂಡರನು ಜರ್ಮನಿಯ ಬ್ರೌನ್‌ಶ್ವೈಗಿನಲ್ಲಿ ಕಾರ್ಖಾನೆ ತೆರೆದು ಅದನ್ನೇ ತಯಾರಿಸತೊಡಗಿದನು. ಮುಂದೆ ಪೆಟ್ಸ್‌ವಾಲನು ಭೂದೃಶ್ಯಗಳಿಗೊಪ್ಪುವ ತನ್ನ ಇನ್ನೊಂದು ಮಸೂರವನ್ನು ಡೀಟ್ಸ್‌ಲರ್ ಎಂಬವನಿಂದ ಮಾಡಿಸಿದಾಗ, ಅದನ್ನೂ ಫೋಕ್ಟ್‌ಲೆಂಡರನು ‘ಆರ್ಥೋಸ್ಕೋಪ್’ ಎಂಬ ಹೆಸರಿನಿಂದ ಪೇಟೆಗಿಳಿಸಿದನು. ಕರಾರಿನ ಮಟ್ಟಿಗೆ ಅವನ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿದ್ದಾವು. ಹಣ ಹೂಡಿ, ಕುಶಲಕರ್ಮಿಗಳನ್ನು ತಯಾರುಮಾಡಿ, ಕಾಗದದ ಮೇಲಣ ಲೆಕ್ಕವನ್ನು ಕಣ್ಣಿಗೆ ಕಾಣುವ ವಸ್ತುವನ್ನಾಗಿಸಿದವನು ಅವನೇ. ಆದರೂ ವಿದ್ಯೆಯ ಫಲ ಹೀಗೆ ಹಂಚಿಹೋದುದನ್ನು ನ್ಯಾಯವೆನ್ನಲು ನಮಗೆ ಮನಸ್ಸೊಪ್ಪದು. 1859ರಲ್ಲಿ ಪೆಟ್ಸ್‌ವಾಲನ ಮನೆಗೆ ಕನ್ನ ಬಿದ್ದು ದೃಗ್ವಿಜ್ಞಾನದ ಹಸ್ತಪ್ರತಿಗಳು ನಾಶವಾದವು. ಅವನು ಆ ಶಾಸ್ತ್ರವನ್ನೇ ಕೈಬಿಟ್ಟನು. 1891ರಲ್ಲಿ ವಿಯೆನ್ನಾದಲ್ಲಿಯೇ ತೀರಿಕೊಂಡನು. ಫೋಕ್ಟ್‌ಲೆಂಡರನಿಗಾದರೋ ಚಕ್ರವರ್ತಿಯಿಂದ ಕುಲೀನ ಪದವಿ ಲಭಿಸಿತು.

ಸಂಸ್ಥೆ ಮುಂದೆಯೂ ಬೆಳೆಯಿತು. ಸ್ಥಿರಚಿತ್ರದ 35 ಮಿಲಿಮೀಟರ್ ಕ್ಯಾಮರಾಗಳಿಗೆ ಮೊದಲ ಝೂಮ್ ಮಸೂರವನ್ನು 1959ರಲ್ಲಿ ಹೊರತಂದುದು ಅದೇ. 1956ರಲ್ಲಿಯೇ ಅದು ಝೈಸ್ ಸಂಸ್ಥೆಯ ಒಡೆತನಕ್ಕೆ ಸೇರಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ಬ್ರೌನ್‌ಶ್ವೈಗಿನ ಕಾರ್ಖಾನೆಯಲ್ಲಿ ಕ್ಯಾಮರಾ ತಯಾರಿಕೆ ನಿಂತಿತು. 1999ರಿಂದ ಜಪಾನಿನ ಕೊಸಿನಾ ಸಂಸ್ಥೆಯು ಆ ಹೆಸರಿನಲ್ಲಿ ಮಸೂರಗಳನ್ನು ಮಾರುತ್ತಿದೆ. ಪೆಟ್ಸ್‌ವಾಲನ ರಚನೆ ಮಾತ್ರ ಭಾವಚಿತ್ರದ ಅಂಗಡಿಗಳಿಂದ ಸಿನಿಮಾ ಮಂದಿರಗಳಿಗೆ ಸಾಗಿ, ಇಪ್ಪತ್ತನೆಯ ಶತಮಾನದಲ್ಲಿಯೂ ಚಿತ್ರ ಪ್ರದರ್ಶನದ ಯಂತ್ರಗಳಲ್ಲಿ ಬೆಳಕನ್ನು ತೆರೆಯ ಮೇಲೆ ಚೆಲ್ಲುತ್ತಿದ್ದಿತು.