ಲೆನಿನ್ ಹಡಗಿನ ಹಳೇ ರಿಯಾಕ್ಟರ್‌ಗಳು ಎಲ್ಲಿ ಹೋದವು?

ಇವತ್ತಿನ ಕಥೆ ಒಂದು ಗಾಜಿನ ಕಿಟಕಿಯಿಂದ ಶುರು. ಕಿಟಕಿಯ ಆಚೆ, ಕೆಳಗಡೆ, ಎರಡು ಅಣು ರಿಯಾಕ್ಟರ್‌ಗಳ ಮುಚ್ಚಳ. ಪಕ್ಕದಲ್ಲಿ ರಕ್ಷಣಾ ಉಡುಪು ಹಾಕಿ ನಿಲ್ಲಿಸಿರೋ ಗೊಂಬೆಗಳು. ಈಚೆ ಕಡೆ ಜಾಕೆಟ್ ಮೇಲೆ ಜಾಕೆಟ್ ಹಾಕ್ಕೊಂಡು ಉಬ್ಬಿಹೋಗಿದ್ದ ನಾನು ಮತ್ತು ನನ್ನ ಚಿಕ್ಕಮ್ಮನ ಮಗಳು. ಅವಳು ರಷ್ಯಾದಲ್ಲಿ ಎಂಬಿಬಿಎಸ್ ಓದ್ತಾ ಇದ್ದಾಳೆ. ಗೈಡ್ ರಷ್ಯನ್‌ನಲ್ಲಿ ಹೇಳಿದ್ದನ್ನೆಲ್ಲ ನನ್ನ ಕಿವಿಗೆ ಕನ್ನಡದಲ್ಲಿ ಹಾಕೋದು ಅವತ್ತು ಅವಳ ಕೆಲಸ.

ನಾವು ನಿಂತಿದ್ದು 'ಲೆನಿನ್' ಅನ್ನೋ ಹಡಗಿನ ಒಳಗೆ. ಪ್ರಪಂಚದಲ್ಲಿ ಅಣುಶಕ್ತಿಯಿಂದ ಓಡಿದ ಮೊದಲ ಐಸ್‌ಬ್ರೇಕರ್ ಇದು. ಅಷ್ಟೇ ಅಲ್ಲ, ಸಬ್‌ಮರೀನ್‌ಗಳನ್ನ ಬಿಟ್ಟರೆ ಅಣುಶಕ್ತಿಯಿಂದ ನೀರಿನ ಮೇಲೆ ಓಡಿದ ಮೊದಲ ಹಡಗೇ ಇದು. ಈಗ ಮ್ಯೂಸಿಯಂ. ಗೈಡ್ ಏನೋ ಒಂದು ವಾಕ್ಯ ಹೇಳಿ ಮುಂದೆ ಹೋದರು. ತಂಗಿ ಕಿವಿಯಲ್ಲಿ ಹೇಳಿದಳು: "ಅಕ್ಕ, ಇವು ಎರಡನೇ ಸೆಟ್ ಅಂತೆ. ಮೊದಲು ಬೇರೆ ಇದ್ವಂತೆ, 1970ರಲ್ಲಿ ಬದಲಾಯಿಸಿದ್ರಂತೆ."

ನಾನು ಓದಿದ್ದು ಬಿಕಾಂ. ನಮ್ಮ ತಲೆ ಓಡೋ ರೀತಿಯೇ ಬೇರೆ. ಒಂದು ಮಶೀನ್ ತೆಗೆದು ಇನ್ನೊಂದು ಕೂರಿಸಿದ್ರೆ, ಹಳೇದು ಏನಾಯ್ತು ಅಂತ ಲೆಕ್ಕದ ಪುಸ್ತಕದಲ್ಲಿ ಎಲ್ಲಾದರೂ ಬರೆದಿರಲೇಬೇಕು. ಮಾರಿದ್ರಾ? ಗುಜರಿಗೆ ಹಾಕಿದ್ರಾ? ಹಾಗಾದರೆ ಈ ಹಡಗಿನ ಮೊದಲ ಮೂರು ರಿಯಾಕ್ಟರ್‌ಗಳು ಎಲ್ಲಿ?

ಅದಕ್ಕೂ ಮುಂಚೆ ಊರಿನ ಪರಿಚಯ ಮಾಡಿಕೊಳ್ಳೋಣ. ಯಾಕಂದ್ರೆ ಈ ಊರು ಇಲ್ಲದೆ ಹಡಗು ಇಲ್ಲ.

ಊರಿನ ಹೆಸರು ಮರ್ಮಾನ್ಸ್ಕ್. ರಷ್ಯಾದ ವಾಯವ್ಯ ಮೂಲೆ, ಕೋಲಾ ಕೊಲ್ಲಿಯ ದಡ. ಆರ್ಕ್ಟಿಕ್ ವೃತ್ತದ ಆಚೆಗಿರೋ ನಗರಗಳಲ್ಲಿ ಇದೇ ಅತಿ ದೊಡ್ಡದು. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ. ಡಿಸೆಂಬರ್ ಶುರುವಿನಿಂದ ಜನವರಿ ಎರಡನೇ ವಾರದವರೆಗೆ, ಸುಮಾರು ನಲವತ್ತು ದಿನ, ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ. ಕಗ್ಗತ್ತಲೆ ಅಂತಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದೆರಡು ಗಂಟೆ ಆಕಾಶ ಇಂಕಿನ ನೀಲಿಗೆ ತಿರುಗುತ್ತೆ, ಆಮೇಲೆ ಮತ್ತೆ ಬೀದಿ ದೀಪವೇ ಗತಿ. ಅಷ್ಟು ಚಳಿಯಲ್ಲೂ ಕೊಲ್ಲಿಯ ನೀರು ಮಾತ್ರ ಹೆಪ್ಪುಗಟ್ಟಿರಲಿಲ್ಲ, ಮೇಲೆ ಹಬೆ ಆಡ್ತಾ ಇತ್ತು.

ಈ ಊರಿನ ಇಡೀ ಇತಿಹಾಸ ನಿಂತಿರೋದು ಆ ಹೆಪ್ಪುಗಟ್ಟದ ನೀರಿನ ಮೇಲೆ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದ ಒಂದು ಕವಲು ನಾರ್ವೆಯ ತಲೆ ಸುತ್ತಿ ಇಲ್ಲಿಯವರೆಗೂ ಬರುತ್ತೆ. ಹಾಗಾಗಿ ಇದಕ್ಕಿಂತ ಎಷ್ಟೋ ದಕ್ಷಿಣದಲ್ಲಿರೋ ಬಂದರುಗಳು ಚಳಿಗಾಲದಲ್ಲಿ ಮುಚ್ಚಿಹೋದ್ರೂ ಮರ್ಮಾನ್ಸ್ಕ್ ತೆರೆದಿರುತ್ತೆ. ಮೊದಲ ಮಹಾಯುದ್ಧದಲ್ಲಿ ರಷ್ಯಾಕ್ಕೆ ಬಾಲ್ಟಿಕ್ ದಾರಿಯೂ ಬಂದ್, ಕಪ್ಪು ಸಮುದ್ರದ ದಾರಿಯೂ ಬಂದ್. ಉಳಿದಿದ್ದ ಅರ್ಖಾಂಗೆಲ್ಸ್ಕ್ ಚಳಿಗಾಲದಲ್ಲಿ ಹಿಮಗಟ್ಟುತ್ತೆ. ಮಿತ್ರರಾಷ್ಟ್ರಗಳ ಸರಕು ಇಳಿಸೋಕೆ ಬೇರೆ ಜಾಗ ಬೇಕಿತ್ತು. ತರಾತುರಿಯಲ್ಲಿ ಸಾವಿರ ಕಿಲೋಮೀಟರ್ ರೈಲು ಹಳಿ ಹಾಕಿ, 1916ರಲ್ಲಿ ಊರಿನ ಅಡಿಗಲ್ಲು ಇಟ್ಟರು. ಆ ಹಳಿ ಹಾಕಿದವರಲ್ಲಿ ಬಹಳಷ್ಟು ಜನ ಜರ್ಮನ್ ಮತ್ತು ಆಸ್ಟ್ರಿಯಾ-ಹಂಗೇರಿಯ ಯುದ್ಧಕೈದಿಗಳು. ಚಳಿ, ಹಸಿವು, ರೋಗದಿಂದ ಅವರಲ್ಲಿ ಸಾವಿರಾರು ಮಂದಿ ಅಲ್ಲೇ ಸತ್ತರು. ಜಾರ್ ಸಾಮ್ರಾಜ್ಯ ಕಟ್ಟಿದ ಕೊನೆಯ ಊರು ಇದು. ಆಗ ಇಟ್ಟ ಹೆಸರು ರೊಮಾನೊವ್-ನಾ-ಮುರ್ಮಾನೆ, ರಾಜಮನೆತನದ ಹೆಸರು. ಮುಂದಿನ ವರ್ಷವೇ ರಾಜನೂ ಹೋದ, ಬೋರ್ಡ್ ಕೂಡ ಬದಲಾಯ್ತು.

ಎರಡನೇ ಮಹಾಯುದ್ಧದಲ್ಲೂ ಇದೇ ಕಥೆ. ಬ್ರಿಟನ್, ಅಮೆರಿಕದಿಂದ ಟ್ಯಾಂಕ್, ಲಾರಿ, ಆಹಾರ ಹೊತ್ತ ಹಡಗುಗಳ ಸಾಲುಗಳು ಇಲ್ಲಿಗೆ ಮತ್ತು ಅರ್ಖಾಂಗೆಲ್ಸ್ಕ್‌ಗೆ ಬರ್ತಿದ್ವು. 1942ರ ಜುಲೈನಲ್ಲಿ ಪಿಕ್ಯು-17 ಅನ್ನೋ ಸಾಲಿನ 35 ಸರಕು ಹಡಗುಗಳಲ್ಲಿ 24 ಮುಳುಗಿದವು. ಅದಕ್ಕೆ ಕೆಲವೇ ದಿನ ಮುಂಚೆ, ಜೂನ್ 18ಕ್ಕೆ, ಜರ್ಮನ್ ವಿಮಾನಗಳು ಬೆಂಕಿ ಬಾಂಬ್ ಸುರಿದು, ಮರದ ಮನೆಗಳಿದ್ದ ಮರ್ಮಾನ್ಸ್ಕ್‌ನ ದೊಡ್ಡ ಭಾಗವನ್ನೇ ಸುಟ್ಟುಹಾಕಿದ್ದವು. ಇವತ್ತು ಗುಡ್ಡದ ಮೇಲೆ 'ಅಲ್ಯೋಷಾ' ಅಂತ ಕರೆಯೋ ಸೈನಿಕನ ಪ್ರತಿಮೆ ಇದೆ, ಪೀಠ ಸೇರಿ 42 ಮೀಟರ್‌ಗಿಂತ ಎತ್ತರ. ಊರಿನ ಎಲ್ಲಾ ಕಡೆಯಿಂದಲೂ ಕಾಣುತ್ತೆ.

ಸರಿ, ಯುದ್ಧ ಮುಗೀತು. ಈಗ ಸೋವಿಯತ್ ಒಕ್ಕೂಟದ ಮುಂದಿದ್ದ ಪ್ರಶ್ನೆ: ಮರ್ಮಾನ್ಸ್ಕ್ ತೆರೆದಿರುತ್ತೆ ನಿಜ, ಆದರೆ ಅಲ್ಲಿಂದ ಪೂರ್ವಕ್ಕೆ ಸೈಬೀರಿಯಾದ ತೀರದುದ್ದಕ್ಕೂ ಸಮುದ್ರ ಹಿಮಗಟ್ಟುತ್ತಲ್ಲ? ಆ ದಾರಿ ಯಾಕೆ ಮುಖ್ಯ ಅಂದ್ರೆ, ಮರ್ಮಾನ್ಸ್ಕ್‌ನಿಂದ ಜಪಾನಿನ ಯೋಕೊಹಾಮಾಕ್ಕೆ ಸೂಯೆಜ್ ಮೂಲಕ ಹೋದ್ರೆ ಸುಮಾರು 12,800 ನಾಟಿಕಲ್ ಮೈಲಿ. ಆರ್ಕ್ಟಿಕ್ ಮೂಲಕ ಹೋದ್ರೆ ಸುಮಾರು 5,800. ಅರ್ಧಕ್ಕಿಂತ ಕಮ್ಮಿ. ಜೊತೆಗೆ ಸೈಬೀರಿಯಾದ ನಿಕಲ್, ಮರ, ಎಣ್ಣೆ ಎಲ್ಲ ಆ ದಾರಿಯ ಪಕ್ಕದಲ್ಲೇ ಇದೆ.

ಐಸ್‌ಬ್ರೇಕರ್ ಹಿಮವನ್ನ ಚಾಕುವಿನ ಹಾಗೆ ಕತ್ತರಿಸುತ್ತೆ ಅಂತ ನಾನು ಅಂದ್ಕೊಂಡಿದ್ದೆ. ಹಾಗಲ್ಲ. ಅದರ ಮೂತಿ ಇಳಿಜಾರಾಗಿರುತ್ತೆ. ಹಿಮದ ಹಾಳೆಯ ಮೇಲೆ ಏರಿ ಕೂತು, ತನ್ನ ತೂಕದಿಂದ ಅದನ್ನ ಮುರಿಯುತ್ತೆ. ಮುರಿದು, ಮುಂದೆ ಹೋಗಿ, ಮತ್ತೆ ಏರಿ, ಮತ್ತೆ ಮುರಿಯುತ್ತೆ. ಇದಕ್ಕೆ ಬೇಕಾಗೋ ಶಕ್ತಿ ಭಯಂಕರ. ಡೀಸೆಲ್ ಐಸ್‌ಬ್ರೇಕರ್ ದಿನಕ್ಕೆ ಟನ್‌ಗಟ್ಟಲೆ ಎಣ್ಣೆ ಕುಡಿಯುತ್ತೆ, ಆರ್ಕ್ಟಿಕ್ ಮಧ್ಯದಲ್ಲಿ ಖಾಲಿಯಾದ್ರೆ ಬಂಕ್ ಎಲ್ಲಿದೆ? ಅದೇ ಯುರೇನಿಯಂ-235 ಒಂದು ಗ್ರಾಂ ಪೂರ್ತಿ ವಿದಳನವಾದ್ರೆ ಒಂದು ಮೆಗಾವ್ಯಾಟ್ ಶಾಖ ಹೆಚ್ಚುಕಮ್ಮಿ ಇಡೀ ದಿನ ಸಿಗುತ್ತೆ. ಕಲ್ಲಿದ್ದಲಿನ ಲೆಕ್ಕದಲ್ಲಿ ಅದು ಸುಮಾರು ಮೂರು ಟನ್. ಒಂದು ಸಲ ತುಂಬಿಸಿದ್ರೆ ವರ್ಷಗಟ್ಟಲೆ ಚಿಂತೆ ಇಲ್ಲ.

ಹಾಗೆ ಹುಟ್ಟಿದ್ದು ಲೆನಿನ್. 1957ರ ಡಿಸೆಂಬರ್ 5ಕ್ಕೆ ಲೆನಿನ್‌ಗ್ರಾಡ್‌ನಲ್ಲಿ ನೀರಿಗಿಳೀತು, 1959ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಸೇರ್ತು. 134 ಮೀಟರ್ ಉದ್ದ, 44,000 ಅಶ್ವಶಕ್ತಿ, ಮೂರು ರಿಯಾಕ್ಟರ್. ವರ್ಷ ಗಮನಿಸಿ. 1957 ಅಂದ್ರೆ ಸ್ಪುಟ್ನಿಕ್ ಹಾರಿದ ವರ್ಷ. ಹಡಗು ಇನ್ನೂ ಪೂರ್ತಿ ಆಗೋ ಮುಂಚೆಯೇ, 1959ರಲ್ಲಿ, ಅಮೆರಿಕದ ಆಗಿನ ಉಪಾಧ್ಯಕ್ಷ ನಿಕ್ಸನ್ ಬಂದು ನೋಡಿಹೋದರು. 1963ರಲ್ಲಿ ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಮರ್ಮಾನ್ಸ್ಕ್‌ಗೆ ಬಂದಿಳಿದಾಗ ಅವರೂ ಈ ಹಡಗು ಹತ್ತಿದರು. ಒಳಗೆ ಹೋದ್ರೆ ಯಾಕೆ ಅಂತ ಗೊತ್ತಾಗುತ್ತೆ. ಹೊಳೆಯೋ ಮರದ ಗೋಡೆಗಳು, ಪಿಯಾನೋ, ಆಪರೇಷನ್ ಥಿಯೇಟರ್. "ಅಕ್ಕ, ನಮ್ಮ ಹಾಸ್ಟೆಲ್‌ಗಿಂತ ಎಷ್ಟೋ ಚೆನ್ನಾಗಿದೆ," ಅಂದಳು ತಂಗಿ. ಹಡಗಿನಷ್ಟೇ ಇದೊಂದು ಶೋರೂಮ್ ಕೂಡ ಆಗಿತ್ತು. ಶಾಂತಿಗಾಗಿ ಅಣುಶಕ್ತಿ, ನೋಡಿ ನಮ್ಮ ಹತ್ರ ಇದೆ ಅಂತ ತೋರಿಸೋಕೆ.

ಈಗ ನನ್ನ ಪ್ರಶ್ನೆಗೆ ಬರ್ತೀನಿ.

1965ರ ಫೆಬ್ರವರಿ. ಇಂಧನ ಬದಲಾಯಿಸೋಕೆ ಹಡಗು ನಿಂತಿತ್ತು. ರಿಯಾಕ್ಟರ್ ನಿಲ್ಲಿಸಿದ ಮೇಲೂ ಒಳಗಿನ ಇಂಧನ ಬಿಸಿಯಾಗ್ತಾನೇ ಇರುತ್ತೆ. ಒಲೆ ಆಫ್ ಮಾಡಿದ ತಕ್ಷಣ ಕುಕ್ಕರ್ ತಣ್ಣಗಾಗಲ್ಲ ಅಂತಾರಲ್ಲ, ಹಾಗಲ್ಲ. ಇಲ್ಲಿ ಒಲೆಯೇ ಪೂರ್ತಿ ಆಫ್ ಆಗಲ್ಲ. ಹಾಗಾಗಿ ಇಂಧನ ಹೊರಗೆ ತೆಗೆಯೋವರೆಗೂ ತಂಪಿನ ನೀರು ಇರಲೇಬೇಕು. ಎರಡನೇ ರಿಯಾಕ್ಟರ್‌ನಲ್ಲಿ ಇಂಧನ ತೆಗೆಯೋ ಮುಂಚೆಯೇ ನೀರು ಖಾಲಿ ಮಾಡಿಬಿಟ್ಟರು. ಕಡ್ಡಿಗಳು ಕರಗಿದವು, ಸೊಟ್ಟಗಾದವು. ಆಮೇಲೆ ತೆಗೆಯೋಕೆ ಹೋದ್ರೆ ಅರ್ಧಕ್ಕಿಂತ ಹೆಚ್ಚು ಹೊರಗೆ ಬರಲೇ ಇಲ್ಲ, ಸಿಕ್ಕಿಹಾಕಿಕೊಂಡವು. ಅವನ್ನ ಜಾಲರಿ ಸಮೇತ ಕಿತ್ತು, ಒಂದು ವಿಶೇಷ ಪೆಟ್ಟಿಗೆಗೆ ಹಾಕಿ, ಗಟ್ಟಿಯಾಗೋ ಮಿಶ್ರಣ ಸುರಿದು ಮುಚ್ಚಿದರು.

1967ರಲ್ಲಿ ಇನ್ನೊಂದು. ಎಲ್ಲೋ ನೀರು ಸೋರ್ತಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ. ವಿಕಿರಣ ತಡೆಯೋಕೆ ಇಟ್ಟಿದ್ದ ಕಾಂಕ್ರೀಟ್ ಮತ್ತು ಲೋಹದ ಕವಚವನ್ನ ಸುತ್ತಿಗೆಯಲ್ಲಿ ಒಡೆದು ಹುಡುಕಿದರು. ಸೋರೋ ಜಾಗ ಸಿಕ್ಕಿತು, ಆದರೆ ಒಡೆದಿದ್ದನ್ನ ಮತ್ತೆ ಮೊದಲಿನಂತೆ ಮಾಡೋಕೆ ಆಗಲಿಲ್ಲ. ಕೊನೆಗೆ ಮೂರೂ ರಿಯಾಕ್ಟರ್‌ಗಳಿದ್ದ ಇಡೀ ಭಾಗವನ್ನೇ ತೆಗೆದುಹಾಕೋಣ ಅಂತ ತೀರ್ಮಾನ.

ಮರ್ಮಾನ್ಸ್ಕ್‌ನಿಂದ ಪೂರ್ವಕ್ಕೆ ಹೋದ್ರೆ ನೊವಾಯಾ ಜೆಮ್ಲ್ಯಾ ಅನ್ನೋ ಉದ್ದನೆಯ ದ್ವೀಪಗಳು ಸಿಗ್ತವೆ. ಸೋವಿಯತ್ತರು ಅಣುಬಾಂಬ್ ಪರೀಕ್ಷೆ ಮಾಡ್ತಿದ್ದ ಜಾಗ. ಅದರ ಪೂರ್ವ ತೀರದಲ್ಲಿ, ಕಾರಾ ಸಮುದ್ರದ ಕಡೆ, ಸಿವೋಲ್ಕಿ ಅಂತ ಒಂದು ಕೊಲ್ಲಿ. 1967ರಲ್ಲಿ ಲೆನಿನ್ ಹಡಗನ್ನ ಅಲ್ಲಿಗೆ ಎಳೆದುಕೊಂಡು ಹೋಗಿ, ಹೊಟ್ಟೆಯ ತಳವನ್ನ ಸ್ಫೋಟಕದಿಂದ ಕತ್ತರಿಸಿ, ರಿಯಾಕ್ಟರ್ ಭಾಗವನ್ನ ಹಾಗೇ ಕೆಳಕ್ಕೆ, ಸಮುದ್ರಕ್ಕೆ ಬೀಳಿಸಿದರು. ಆ ಕರಗಿದ ಇಂಧನದ ಪೆಟ್ಟಿಗೆಯನ್ನೂ ಅದೇ ವರ್ಷ ಅದೇ ಕೊಲ್ಲಿಯಲ್ಲಿ ಮುಳುಗಿಸಿದರು. ಸಾಗರದ ಮಹಾ ಆಳವೇನಲ್ಲ, ಸುಮಾರು 60 ಮೀಟರ್.

ಖಾಲಿ ಹೊಟ್ಟೆಯ ಹಡಗಿಗೆ ಹೊಸ ಎರಡು ರಿಯಾಕ್ಟರ್ ಕೂರಿಸಿದರು. 1970ರಿಂದ ಮತ್ತೆ ಓಡಿತು. ಅವೇ ನಾವು ಕಿಟಕಿಯಿಂದ ನೋಡಿದ್ದು. ನ್ಯಾಯವಾಗಿ ಹೇಳಬೇಕಂದ್ರೆ ಅವು ಚೆನ್ನಾಗೇ ಕೆಲಸ ಮಾಡಿದವು. ಅದೇ ವಿನ್ಯಾಸದ ರಿಯಾಕ್ಟರ್‌ಗಳಿದ್ದ 'ಆರ್ಕ್ಟಿಕಾ' 1977ರ ಆಗಸ್ಟ್ 17ಕ್ಕೆ ಉತ್ತರ ಧ್ರುವ ಮುಟ್ಟಿತು. ನೀರಿನ ಮೇಲೆ ಓಡೋ ಹಡಗು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಒಂದು ತಮಾಷೆ: ಆ ಆರ್ಕ್ಟಿಕಾ ಮಾದರಿಯ ಹಡಗುಗಳ ರಿಯಾಕ್ಟರ್ ತಂಪಾಗಿಡೋಕೆ ಕೊರೆಯೋ ಸಮುದ್ರದ ನೀರೇ ಬೇಕು. ಮಂಗಳೂರಿನ ಬೆಚ್ಚಗಿನ ಕಡಲಿಗೆ ಕರೆದರೂ ಬರೋಕಾಗಲ್ಲ. ಲೆನಿನ್ 1989ರಲ್ಲಿ ನಿವೃತ್ತಿಯಾದಾಗ ಕೊಟ್ಟ ಕಾರಣ ರಿಯಾಕ್ಟರ್ ಅಲ್ಲ. ಮೂವತ್ತು ವರ್ಷ ಹಿಮಕ್ಕೆ ಉಜ್ಜಿ ಉಜ್ಜಿ ಹಡಗಿನ ಹೊರಮೈ ಉಕ್ಕೇ ತೆಳುವಾಗಿತ್ತು. ನಮ್ಮ ಪುಸ್ತಕದಲ್ಲಿ ಡಿಪ್ರಿಸಿಯೇಶನ್ ಅಂತ ಬರೀತೀವಲ್ಲ, ಅಕ್ಷರಶಃ ಅದೇ.

ಆದರೆ ಸಿವೋಲ್ಕಿ ಕೊಲ್ಲಿಯ ವಿಷಯ? ಸೋವಿಯತ್ ಒಕ್ಕೂಟ ಇರೋವರೆಗೂ ಅದು ಗುಟ್ಟು. 1993ರಲ್ಲಿ, ಯೆಲ್ತ್ಸಿನ್ ಕಾಲದಲ್ಲಿ, ವಿಜ್ಞಾನಿ ಅಲೆಕ್ಸೆಯ್ ಯಾಬ್ಲೊಕೊವ್ ನೇತೃತ್ವದ ಸರ್ಕಾರಿ ಆಯೋಗದ ವರದಿ ಹೊರಬಂತು. ಆರ್ಕ್ಟಿಕ್‌ನಲ್ಲಿ ಏನೇನು ಮುಳುಗಿಸಿದ್ದಾರೆ ಅನ್ನೋ ಪಟ್ಟಿ. ಸಬ್‌ಮರೀನ್‌ಗಳ ರಿಯಾಕ್ಟರ್‌ಗಳು, ಸಾವಿರಾರು ಪೆಟ್ಟಿಗೆಗಳು, ಜೊತೆಗೆ ಲೆನಿನ್‌ನ ಹೆಸರು. ಇಪ್ಪತ್ತಾರು ವರ್ಷ ಆದ್ಮೇಲೆ ಎಂಟ್ರಿ ಬಿತ್ತು.

ಇಲ್ಲಿ ಭಯ ಹುಟ್ಟಿಸೋದು ಸುಲಭ, ನಾನು ಮಾಡಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1993ರಿಂದ 1996ರವರೆಗೆ ಅಧ್ಯಯನ ಮಾಡಿ, ಸುತ್ತಲಿನ ಸಾಮಾನ್ಯ ಜನರಿಗೆ ಅಪಾಯ ಕಡಿಮೆ ಅಂತಲೇ ಹೇಳಿತು. ಆದರೆ ಕಡಿಮೆ ಅಂದ್ರೆ ಸೊನ್ನೆ ಅಲ್ಲ. ಉಪ್ಪುನೀರಿನಲ್ಲಿ ಉಕ್ಕಿಗೂ ಆಯಸ್ಸು ಇರುತ್ತೆ, ಒಳಗಿನ ವಸ್ತುವಿಗೆ ಇರೋ ಆಯಸ್ಸು ಅದಕ್ಕಿಂತ ಬಹಳ ದೊಡ್ಡದು.

ದಡದಲ್ಲೂ ಬಾಕಿ ಇತ್ತು. 'ಲೆಪ್ಸೆ' ಅಂತ ಒಂದು ಹಳೇ ಹಡಗು, ಐಸ್‌ಬ್ರೇಕರ್‌ಗಳಿಗೆ ಇಂಧನ ತುಂಬಿಸ್ತಿದ್ದದ್ದು. ಲೆನಿನ್‌ನ ಹಾಳಾದ ಕಡ್ಡಿಗಳೂ ಸೇರಿ ಬಳಸಿದ ಇಂಧನದ ಆರುನೂರಕ್ಕೂ ಹೆಚ್ಚು ಜೋಡಣೆಗಳನ್ನ ಹೊಟ್ಟೆಯಲ್ಲಿಟ್ಟುಕೊಂಡು, ಮರ್ಮಾನ್ಸ್ಕ್ ಅಂಚಿನಲ್ಲೇ ದಶಕಗಳ ಕಾಲ ನಿಂತಿತ್ತು. ಊರಿನ ಜನ ಅದರ ಪಕ್ಕದಲ್ಲೇ ಬದುಕು ಮಾಡಿದರು. 2012ರಲ್ಲಿ ಅದನ್ನ ಬಿಚ್ಚೋಕೆ ಎಳೆದುಕೊಂಡು ಹೋದರು, ಇಂಧನ ಹೊರಗೆ ಬಂದಿದ್ದು ಅದಕ್ಕೂ ಎಷ್ಟೋ ವರ್ಷ ಆದಮೇಲೆ. ಖರ್ಚಿಗೆ ಯುರೋಪಿನ ದೇಶಗಳೂ ದುಡ್ಡು ಹಾಕಿದವು. ಮಾಡಿದವನು ಒಬ್ಬ, ಬಿಲ್ ಹಂಚಿಕೊಂಡವರು ಇನ್ಯಾರೋ.

ಮ್ಯೂಸಿಯಂನಿಂದ ಹೊರಗೆ ಬಂದಾಗ ಮಧ್ಯಾಹ್ನ ಎರಡೂವರೆ, ಪೂರ್ತಿ ಕತ್ತಲೆ. ಊರಿನ ಉತ್ತರ ತುದಿಯಲ್ಲಿ ಈಗಿನ ಐಸ್‌ಬ್ರೇಕರ್‌ಗಳ ನೆಲೆ ಇದೆ, ನಮ್ಮಂಥವರಿಗೆ ಒಳಗೆ ಪ್ರವೇಶ ಇಲ್ಲ. ಅವನ್ನ ನಡೆಸೋ ಆಟಮ್‌ಫ್ಲೋಟ್, ನಮ್ಮ ಕೂಡಂಕುಳಂಗೆ ರಿಯಾಕ್ಟರ್ ಕೊಟ್ಟ ರೊಸಾಟಮ್‌ನದ್ದೇ ಭಾಗ. ಹೊಸ ಪೀಳಿಗೆಯ ಮೊದಲ ಹಡಗು 2020ರಲ್ಲಿ ಬಂತು, ಹೆಸರು ಮತ್ತೆ ಆರ್ಕ್ಟಿಕಾ. 173 ಮೀಟರ್ ಉದ್ದ, ಸುಮಾರು ಮೂರು ಮೀಟರ್ ದಪ್ಪ ಹಿಮ ಒಡೆಯುತ್ತೆ, ಒಳಗಿನ ನೀರಿನ ಭಾರ ಇಳಿಸಿ ಮೇಲೆದ್ದು ನದೀಮುಖಗಳಿಗೂ ಹೋಗುತ್ತೆ. ಅದರ ಹಿಂದೆಯೇ ಸಿಬಿರ್, ಉರಾಲ್, ಯಾಕುತಿಯಾ. ಇವು ತೆರೆದ ದಾರಿಯಲ್ಲಿ ಬರೋ ಸೈಬೀರಿಯಾದ ಕಚ್ಚಾ ತೈಲವನ್ನ ಕೋಲಾ ಕೊಲ್ಲಿಯಲ್ಲಿ ದೊಡ್ಡ ಟ್ಯಾಂಕರ್‌ಗಳಿಗೆ ತುಂಬಿಸ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದರಲ್ಲಿ ಒಂದು ಪಾಲು ಭಾರತದ ಬಂದರುಗಳಿಗೂ ಬರ್ತಿದೆ. ಹಾಗಾಗಿ ಈ ಲೆಕ್ಕದ ಪುಸ್ತಕದಲ್ಲಿ ನನ್ನ ಸ್ಕೂಟಿಯ ಟ್ಯಾಂಕ್‌ಗೂ ಒಂದು ಸಣ್ಣ ಕಾಲಂ ಇರಬಹುದು ಅಂತ ಅವತ್ತು ಅನ್ನಿಸ್ತು.

ಇಷ್ಟೆಲ್ಲ ಹಡಗು ಬಂದ್ರೂ ಊರು ಮಾತ್ರ ಖಾಲಿಯಾಗ್ತಿದೆ. 1989ರಲ್ಲಿ 4.68 ಲಕ್ಷ ಜನ ಇದ್ದರು, 2021ರ ಜನಗಣತಿಯಲ್ಲಿ 2.70 ಲಕ್ಷ.

2020ರಲ್ಲಿ ರೊಸಾಟಮ್ ಒಂದು ಪಟ್ಟಿ ಮಾಡಿತು. ಆರ್ಕ್ಟಿಕ್ ಸಮುದ್ರದ ತಳದಿಂದ ಮೊದಲು ಮೇಲೆತ್ತಬೇಕಾದ ಆರು ಅಪಾಯದ ವಸ್ತುಗಳು. ಎರಡು ಮುಳುಗಿದ ಸಬ್‌ಮರೀನ್, ಮೂರು ಸಬ್‌ಮರೀನ್‌ಗಳ ರಿಯಾಕ್ಟರ್ ಭಾಗಗಳು, ಆರನೆಯದು ಲೆನಿನ್‌ನ ಇಂಧನದ ಪೆಟ್ಟಿಗೆ. ನಾರ್ವೆ, ಯುರೋಪ್ ಎಲ್ಲ ಕೈಜೋಡಿಸೋ ಮಾತಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯ್ತು, ಆ ಸಹಕಾರ ನಿಂತುಹೋಯ್ತು.

ಸ್ಟೇಷನ್ ಕಡೆ ನಡೀತಾ ತಂಗಿ ಕೇಳಿದಳು, "ಅಕ್ಕ, ಹಾಗಾದ್ರೆ ಅದು ಇನ್ನೂ ಅಲ್ಲೇ ಇದೆಯಾ?"

ಇದೆ ಅಂದೆ.