ಕೃಷ್ಣೆಗೆ ಎಂಥ ದೋಣಿ?

ಜಮಖಂಡಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಹರಿಯುವ ನದಿ ಕೃಷ್ಣಾ. ಮುಧೋಳದ ಬಳಿ ಹಾದುಬರುವ ಘಟಪ್ರಭಾ ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಅದನ್ನು ಸೇರುತ್ತದೆ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಬೇಸಿಗೆಯಲ್ಲಿ ಇಲ್ಲಿ ಕಾಣುತ್ತಿದ್ದುದು ಬಂಡೆ, ಮರಳು ಮತ್ತು ತೆಳುವಾದ ಹರಿವು. ಮಳೆಗಾಲದಲ್ಲಿ ಸಹ್ಯಾದ್ರಿಯಿಂದ ನುಗ್ಗಿಬರುವ ಪ್ರವಾಹ. ಇಂಥ ನದಿಯನ್ನು ದಾಟಲು ದೋಣಿಯ ಒಡಲನ್ನು ಯಾವ ವಿಧಾನದಲ್ಲಿ ಕಟ್ಟಬೇಕು?

ದಿಮ್ಮಿಯನ್ನು ಕೊರೆಯಬಹುದು. ಆದರೆ ಬಯಲುಸೀಮೆಯಲ್ಲಿ ದೊಡ್ಡ ಮರಗಳು ವಿರಳ. ಹಲಗೆ ಜೋಡಿಸಬಹುದು. ಆದರೆ ಬಂಡೆಗೆ ತಗುಲಿದರೆ ಹಲಗೆ ಸೀಳುತ್ತದೆ. ನದಿಯ ಜನ ಆರಿಸಿಕೊಂಡದ್ದು ಮೂರನೆಯ ವಿಧಾನ: ಬಿದಿರಿನ ಸೀಳುಗಳಿಂದ ಬುಟ್ಟಿ ಹೆಣೆದು, ಹೊರಗೆ ಚರ್ಮ ಹೊದಿಸಿದ ಹರಿಗೋಲು. ಪೆಟ್ಟು ಬಿದ್ದರೆ ಬಿದಿರು ಬಾಗುತ್ತದೆ. ಚರ್ಮ ಹರಿದರೆ ತೇಪೆ ಹಾಕಬಹುದು. ದಡ ಸೇರಿದ ಮೇಲೆ ತಲೆಯ ಮೇಲೆ ಹೊತ್ತು ನಡೆಯಬಹುದು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇಂಥ ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಒಂದರಲ್ಲಿ 15–20 ಜನ ಕೂರುತ್ತಿದ್ದರು; ಕುದುರೆ, ಎತ್ತುಗಳೂ ದಾಟುತ್ತಿದ್ದವು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಮಲಪ್ರಭೆಯ ಸೀಮೆಗೆ ಬಂದ ಆರ್ಥರ್ ವೆಲ್ಲೆಸ್ಲಿಯೂ ಸೇನೆಯನ್ನು ದಾಟಿಸಲು ಹರಿಗೋಲನ್ನೇ ನೆಚ್ಚಬೇಕಾಯಿತು. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಈತನೇ.

ಬುಟ್ಟಿಯೊಂದು ಇಷ್ಟು ಭಾರ ಹೊರುವುದು ಹೇಗೆ? ಲೆಕ್ಕ ಹಾಕಿ ನೋಡೋಣ. 2.4 ಮೀಟರ್ ವ್ಯಾಸದ, ಚಪ್ಪಟೆ ತಳದ ಹರಿಗೋಲಿನ ತಳದ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ಅದು 10 ಸೆಂಟಿಮೀಟರ್ ಮುಳುಗಿದರೆ 0.45 ಘನಮೀಟರ್, ಅಂದರೆ ಸುಮಾರು 450 ಕಿಲೋಗ್ರಾಂ ನೀರನ್ನು ಪಲ್ಲಟಗೊಳಿಸುತ್ತದೆ. ಆರ್ಕಿಮಿಡೀಸ್ ತತ್ತ್ವದಂತೆ ಅಷ್ಟೇ ಭಾರ ತೇಲುತ್ತದೆ. ಒಂದೇ ಸುತ್ತಳತೆಯ ಆಕೃತಿಗಳಲ್ಲಿ ಅತಿ ಹೆಚ್ಚು ವಿಸ್ತೀರ್ಣ ವೃತ್ತಕ್ಕೆ ಇರುವುದರಿಂದ ಸಾಮಗ್ರಿಯೂ ಉಳಿಯುತ್ತದೆ.

ಆದರೆ ಪ್ರತಿ ಆಯ್ಕೆಗೂ ಬೆಲೆಯಿದೆ. ತಳದುದ್ದಕ್ಕೂ ಅಡಿಮರವಿಲ್ಲದ ದುಂಡು ದೋಣಿ ಗಿರಗಿರನೆ ತಿರುಗುತ್ತದೆ, ನೇರ ಸಾಗದು. ಒದ್ದೆಯಲ್ಲೇ ಬಿಟ್ಟರೆ ಚರ್ಮ ಕೊಳೆಯುತ್ತದೆ. ದೂರಪ್ರಯಾಣಕ್ಕೆ ಇದು ಒಗ್ಗದು. ಕಡಲಿಗೆ ನಮ್ಮ ಪೂರ್ವಿಕರು ಕಂಡುಕೊಂಡ ಉತ್ತರ ಬೇರೆ: ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುವುದು. ಆ ವಿಧಾನದಲ್ಲೇ ಕಟ್ಟಿದ ‘ಕೌಂಡಿನ್ಯ’ ನೌಕೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು.

ನದಿಯೂ ಬದಲಾಗಿದೆ. 1989ರಲ್ಲಿ ರೈತರೇ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಆಮೇಲೆ ಆಲಮಟ್ಟಿಯ ಹಿನ್ನೀರು ಬೀಳಗಿ ಸೀಮೆಯ ಊರು, ಹೊಲಗಳನ್ನು ಮುಳುಗಿಸಿತು. ಹರಿಯುತ್ತಿದ್ದ ನೀರು ಅಗಲವಾಗಿ ನಿಂತಿತು. ಅಂಥ ನೀರಿನ ಮೇಲೆ ಗಾಳಿ ಅಲೆ ಎಬ್ಬಿಸಿದಾಗ ತಗ್ಗು ಅಂಚಿನ ಬುಟ್ಟಿಗೆ ನೀರು ನುಗ್ಗುತ್ತದೆ. ಅಲ್ಲಿ ಬೇಕಾದುದು ಉದ್ದನೆಯ, ಎತ್ತರ ಅಂಚಿನ ಒಡಲು.

ಆದರೂ ಹಳೆಯ ತತ್ತ್ವ ಸತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಜಮಖಂಡಿ, ಮುಧೋಳ ತಾಲ್ಲೂಕುಗಳ ಹಳ್ಳಿಗಳು ಜಲಾವೃತವಾದವು. ಇಂಥ ನೆರೆಯಲ್ಲಿ ಜನರನ್ನು ಕರೆತರಲು ಬಳಸುವ ರಬ್ಬರ್ ದೋಣಿಯನ್ನು ಗಮನಿಸಿ: ಹಗುರ, ಚಪ್ಪಟೆ ತಳ, ಬಾಗುವ ಒಡಲು, ತೇಪೆ ಹಾಕಬಲ್ಲ ಹೊದಿಕೆ. ಬಿದಿರಿನ ಜಾಗದಲ್ಲಿ ಒತ್ತಿ ತುಂಬಿದ ಗಾಳಿ ಬಂದಿದೆ, ಅಷ್ಟೇ. ಯಾವ ವಿಧಾನ ಉತ್ತಮ ಎಂದು ಕೇಳುವ ಮೊದಲು ಯಾವ ನೀರಿಗೆ ಎಂದು ಕೇಳಬೇಕು.