ಭಾರತದ ರಕ್ಷಣಾ ವೆಚ್ಚ: ಏರಿಕೆ–ಇಳಿಕೆಯ ಚರ್ಚೆ

ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳ ಸಂಬಳ, ನಿರ್ವಹಣೆ, ಶಸ್ತ್ರಾಸ್ತ್ರ ಖರೀದಿ, ರಕ್ಷಣಾ ಸಂಶೋಧನೆ ಹಾಗೂ ನಿವೃತ್ತ ಯೋಧರ ಪಿಂಚಣಿಗಾಗಿ ಕೇಂದ್ರ ಸರ್ಕಾರ ವರ್ಷವರ್ಷವೂ ಮಾಡುವ ಖರ್ಚಿಗೆ ರಕ್ಷಣಾ ವೆಚ್ಚವೆಂದು ಹೆಸರು. 2025–26ರ ಬಜೆಟ್‌ನಲ್ಲಿ ಇದಕ್ಕೆ ₹6,81,210 ಕೋಟಿ ಮೀಸಲಾಯಿತು. ಕೇಂದ್ರದ ಒಟ್ಟು ವೆಚ್ಚದಲ್ಲಿ ಇದು ಶೇ 13.45, ಒಟ್ಟು ದೇಶೀಯ ಉತ್ಪನ್ನದಲ್ಲಿ (ಜಿಡಿಪಿ) ಶೇ 1.9ರಷ್ಟು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಲೆಕ್ಕದಂತೆ 2024ರಲ್ಲಿ ಅಮೆರಿಕ, ಚೀನಾ, ರಷ್ಯಾ, ಜರ್ಮನಿಗಳ ನಂತರ ಸೇನೆಗೆ ಅತಿ ಹೆಚ್ಚು ಹಣ ವ್ಯಯಿಸಿದ ದೇಶ ಭಾರತ. ಇಷ್ಟು ಸಾಲದು, ಜಿಡಿಪಿಯ ಶೇ 3ರಷ್ಟಾದರೂ ಬೇಕು ಎಂಬ ವಾದ ಒಂದೆಡೆ. ಬಡತನ ಇನ್ನೂ ನೀಗದ ದೇಶಕ್ಕೆ ಇದೇ ಹೆಚ್ಚಾಯಿತು ಎಂಬ ವಾದ ಇನ್ನೊಂದೆಡೆ. ಎರಡೂ ವಾದಗಳಿಗೆ ಗಟ್ಟಿ ಆಧಾರಗಳಿವೆ. ಆದರೆ ಮೊತ್ತದ ಜೊತೆಗೆ ಅದರ ಹಂಚಿಕೆಯನ್ನೂ ಬಳಕೆಯ ವೇಗವನ್ನೂ ಪರಿಶೀಲಿಸದೆ ಯಾವ ತೀರ್ಮಾನಕ್ಕೂ ಬರಲಾಗದು.

ಲೆಕ್ಕದ ವ್ಯಾಪ್ತಿ

ರಕ್ಷಣಾ ಸಚಿವಾಲಯದ ಬಜೆಟ್ ನಾಲ್ಕು ಭಾಗಗಳಲ್ಲಿ ಸಂಸತ್ತಿನ ಮುಂದೆ ಬರುತ್ತದೆ: ಸಚಿವಾಲಯದ ನಾಗರಿಕ ವೆಚ್ಚ, ಸೇನೆಗಳ ರಾಜಸ್ವ ವೆಚ್ಚ, ಬಂಡವಾಳ ವೆಚ್ಚ ಮತ್ತು ಪಿಂಚಣಿ. ಸಂಬಳ, ಪಡಿತರ, ಇಂಧನ, ಮದ್ದುಗುಂಡು, ದುರಸ್ತಿ ಎಲ್ಲವೂ ರಾಜಸ್ವ ವೆಚ್ಚ. ವಿಮಾನ, ಹಡಗು, ಟ್ಯಾಂಕ್, ಫಿರಂಗಿಗಳಂಥ ದೀರ್ಘಕಾಲ ಬಾಳುವ ಆಸ್ತಿಗಳ ಖರೀದಿ ಬಂಡವಾಳ ವೆಚ್ಚ. ಗಡಿ ಕಾಯುವ ಬಿಎಸ್‌ಎಫ್, ಐಟಿಬಿಪಿ ಪಡೆಗಳು ಗೃಹ ಸಚಿವಾಲಯದ ಅಧೀನದಲ್ಲಿರುವುದರಿಂದ ಅವುಗಳ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ. ಸಿಪ್ರಿ ಅರೆಸೇನಾ ಪಡೆಗಳನ್ನೂ ಸೇರಿಸಿಕೊಂಡು ಲೆಕ್ಕ ಹಾಕುವುದರಿಂದ ಅದರ ಪ್ರಕಾರ ಭಾರತದ ವೆಚ್ಚ ಜಿಡಿಪಿಯ ಶೇ 2.3ಕ್ಕೆ ಏರುತ್ತದೆ. ಚರ್ಚೆಗಳಲ್ಲಿ ಬೇರೆ ಬೇರೆ ಅಂಕಿಗಳು ಕೇಳಿಬರುವುದಕ್ಕೆ ಇದೊಂದು ಕಾರಣ.

ಇತಿಹಾಸ

ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ನೆಹರೂ ಸರ್ಕಾರದ ಆದ್ಯತೆ ಅಣೆಕಟ್ಟು, ಉಕ್ಕು ಕಾರ್ಖಾನೆ ಮತ್ತು ಶಿಕ್ಷಣಕ್ಕಿತ್ತು. ರಕ್ಷಣೆಗೆ ಸಿಗುತ್ತಿದ್ದುದು ಜಿಡಿಪಿಯ ಶೇ 2ರ ಆಸುಪಾಸು. ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರಿಗೂ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರಿಗೂ ಭಿನ್ನಾಭಿಪ್ರಾಯ ಬೆಳೆದು 1959ರಲ್ಲಿ ತಿಮ್ಮಯ್ಯ ರಾಜೀನಾಮೆ ಸಲ್ಲಿಸಿದರು. ನೆಹರೂ ಮನವೊಲಿಸಿದ ಮೇಲೆ ಹಿಂಪಡೆದರು. 1962ರಲ್ಲಿ ಚೀನಾ ದಾಳಿ ಮಾಡಿದಾಗ ಹಲವು ತುಕಡಿಗಳು ಹತ್ತಿಯ ಸಮವಸ್ತ್ರದಲ್ಲೇ, ಹಳೆಯ .303 ರೈಫಲ್ ಹಿಡಿದು ಹಿಮಾಲಯ ಏರಬೇಕಾಯಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಅಕ್ಷರಶಃ ನಿಜವಾದ ಗಳಿಗೆ ಅದು.

ಸೋಲಿನ ನಂತರ ನೀತಿಯೇ ಬದಲಾಯಿತು. ಯುದ್ಧದ ನಡುವೆಯೇ ಸ್ಥಾಪನೆಯಾಗಿದ್ದ ರಾಷ್ಟ್ರೀಯ ರಕ್ಷಣಾ ನಿಧಿಗೆ ಜನ ನಗದಿನ ಜೊತೆ ಒಡವೆಗಳನ್ನೂ ಕೊಟ್ಟರು. ಹೊಸ ರಕ್ಷಣಾ ಸಚಿವ ವೈ.ಬಿ. ಚವಾಣ್ ಅವರ ಅವಧಿಯಲ್ಲಿ, 1964ರಿಂದ 1969ರವರೆಗಿನ ಪಂಚವಾರ್ಷಿಕ ರಕ್ಷಣಾ ಯೋಜನೆ ರೂಪುಗೊಂಡಿತು. ಭೂಸೇನೆಯ ಬಲವನ್ನು 8,25,000ಕ್ಕೆ ಏರಿಸಿ, ಹತ್ತು ಪರ್ವತ ಡಿವಿಷನ್‌ಗಳನ್ನು ಕಟ್ಟಿ, ವಾಯುಪಡೆಯನ್ನು 45 ಸ್ಕ್ವಾಡ್ರನ್‌ಗಳಿಗೆ ಬೆಳೆಸುವುದು ಅದರ ಗುರಿಯಾಗಿತ್ತು. ಚೀನಾ ಯುದ್ಧವಾದ ಎರಡು ವರ್ಷಗಳೊಳಗೆ ವೆಚ್ಚ ದುಪ್ಪಟ್ಟಿಗಿಂತ ಹೆಚ್ಚಾಗಿ ಜಿಡಿಪಿಯ ಶೇ 4ರ ಸಮೀಪ ಮುಟ್ಟಿತು. 1965ರ ಯುದ್ಧದಲ್ಲಿ ಈ ಸಿದ್ಧತೆ ನೆರವಿಗೆ ಬಂತು. ಆದರೆ ಎರಡು ಯುದ್ಧಗಳ ಹೊರೆಗೆ ಬರಗಾಲವೂ ಸೇರಿ ಆರ್ಥಿಕತೆ ಕುಸಿಯಿತು. 1966ರಿಂದ 1969ರವರೆಗೆ ಪಂಚವಾರ್ಷಿಕ ಯೋಜನೆಯನ್ನೇ ತಡೆಹಿಡಿಯಬೇಕಾಯಿತು.

1980ರ ದಶಕದ ಉತ್ತರಾರ್ಧದಲ್ಲಿ ಮಿರಾಜ್–2000, ಮಿಗ್–29 ವಿಮಾನಗಳು ಮತ್ತು ಬೊಫೋರ್ಸ್ ಫಿರಂಗಿಗಳ ಖರೀದಿಯಿಂದ ವೆಚ್ಚ ಮತ್ತೆ ಶೇ 3.5ರ ಆಸುಪಾಸಿಗೆ ಏರಿತು. 1991ರ ವಿದೇಶಿ ವಿನಿಮಯ ಬಿಕ್ಕಟ್ಟು ಅದಕ್ಕೆ ಕಡಿವಾಣ ಹಾಕಿತು. ಇನ್ನೊಂದು ಕಡೆ, ಬೊಫೋರ್ಸ್ ಲಂಚ ಪ್ರಕರಣದ ಭೀತಿಯಿಂದ ಮೂರು ದಶಕಗಳ ಕಾಲ ಸೇನೆಗೆ ಹೊಸ ದೊಡ್ಡ ಫಿರಂಗಿಗಳೇ ಬರಲಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಶಿಖರಗಳ ಮೇಲಿದ್ದ ಶತ್ರು ನೆಲೆಗಳನ್ನು ಪುಡಿಗಟ್ಟಿದ್ದು ಅದೇ ಬೊಫೋರ್ಸ್. ಕೈಯಲ್ಲಿ ಇರುವುದನ್ನೇ ಹಿಡಿದು ಹೋರಾಡುತ್ತೇವೆ ಎಂದು ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ವಿ.ಪಿ. ಮಲಿಕ್ ಸಾರ್ವಜನಿಕವಾಗಿ ಹೇಳಬೇಕಾಗಿ ಬಂದದ್ದು ಆ ದಶಕದ ಕೊರತೆಗೆ ಸಾಕ್ಷಿ.

ಇತ್ತೀಚಿನ ಹಂಚಿಕೆ

2025–26ರ ಮೊತ್ತದಲ್ಲಿ ರಾಜಸ್ವ ವೆಚ್ಚಕ್ಕೆ ₹3,11,732 ಕೋಟಿ, ಬಂಡವಾಳ ವೆಚ್ಚಕ್ಕೆ ₹1,80,000 ಕೋಟಿ, ಪಿಂಚಣಿಗೆ ₹1,60,795 ಕೋಟಿ ಹಂಚಿಕೆಯಾಯಿತು. ಅಂದರೆ ನೂರು ರೂಪಾಯಿಯಲ್ಲಿ ಹೊಸ ಆಯುಧ ಮತ್ತು ಸೌಕರ್ಯಕ್ಕೆ ಉಳಿಯುವುದು 26 ರೂಪಾಯಿ ಚಿಲ್ಲರೆ. ಪಿಂಚಣಿಗೇ ಸುಮಾರು 24 ರೂಪಾಯಿ. ಈ ಬಂಡವಾಳದಲ್ಲೂ ಬಹುಪಾಲು, ಹಿಂದಿನ ವರ್ಷಗಳಲ್ಲಿ ಸಹಿಯಾದ ಒಪ್ಪಂದಗಳ ಕಂತು ಕಟ್ಟಲು ಹೋಗುತ್ತದೆ. 2018ರ ಮಾರ್ಚ್‌ನಲ್ಲಿ ಭೂಸೇನೆಯ ಅಂದಿನ ಉಪಮುಖ್ಯಸ್ಥರು ಸಂಸದೀಯ ಸ್ಥಾಯಿ ಸಮಿತಿಯ ಮುಂದೆ, ಸೇನೆಯ ಸಲಕರಣೆಗಳಲ್ಲಿ ಶೇ 68 ಹಳೆಯ ಕಾಲದವು, ಶೇ 24 ಈಗಿನವು, ಅತ್ಯಾಧುನಿಕವಾದವು ಶೇ 8 ಮಾತ್ರ ಎಂದು ಹೇಳಿಕೆ ಕೊಟ್ಟಿದ್ದರು.

ಪಿಂಚಣಿಯ ಹೊರೆ ಏರಿದ್ದಕ್ಕೆ 2015ರಲ್ಲಿ ಜಾರಿಯಾದ ಸಮಾನ ಶ್ರೇಣಿ ಸಮಾನ ಪಿಂಚಣಿ ಯೋಜನೆ ಒಂದು ಕಾರಣ. ಯೌವನವನ್ನು ಗಡಿಯಲ್ಲಿ ಕಳೆದವರಿಗೆ ಅದು ನ್ಯಾಯವಾಗಿ ಸಲ್ಲಬೇಕಾದ ಹಣ. ಅದನ್ನು ದುಂದು ಎನ್ನಲಾಗದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನೇಮಕಗೊಂಡವರು ನಾಲ್ಕು ವರ್ಷ ಸೇವೆ ಸಲ್ಲಿಸುತ್ತಾರೆ, ಅವರಲ್ಲಿ ಶೇ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಸೇನೆಯ ಸರಾಸರಿ ವಯಸ್ಸು ಇಳಿಸುವುದು ಸರ್ಕಾರ ಹೇಳಿದ ಉದ್ದೇಶ. ಮುಂದಿನ ದಶಕಗಳಲ್ಲಿ ಪಿಂಚಣಿ ಬಾಬ್ತು ತಗ್ಗುವುದು ಅದರ ಫಲ. ನಾಲ್ಕು ವರ್ಷಗಳ ನಂತರ ಹೊರಬರುವ ಯುವಕರ ಉದ್ಯೋಗ ಭದ್ರತೆಯ ಪ್ರಶ್ನೆ ಮಾತ್ರ ತೀವ್ರವಾಗಿಯೇ ಉಳಿದಿದೆ.

ಹೆಚ್ಚಳದ ಪರ ವಾದ

ಪರಮಾಣು ಶಸ್ತ್ರ ಹೊಂದಿದ ಎರಡು ನೆರೆರಾಷ್ಟ್ರಗಳೊಂದಿಗೆ ಭಾರತಕ್ಕೆ ಗಡಿ ವಿವಾದವಿದೆ. 2020ರ ಗಾಲ್ವಾನ್ ಸಂಘರ್ಷದ ನಂತರ ಪೂರ್ವ ಲಡಾಖ್‌ನಲ್ಲಿ ಹೆಚ್ಚುವರಿ ಪಡೆಗಳನ್ನು ಚಳಿಗಾಲದುದ್ದಕ್ಕೂ ನೆಲೆಗೊಳಿಸಬೇಕಾಯಿತು. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಡ್ರೋನ್, ಕ್ಷಿಪಣಿ ಮತ್ತು ವಾಯುರಕ್ಷಣಾ ವ್ಯವಸ್ಥೆಗಳ ಮಹತ್ವ ಎದ್ದು ಕಂಡಿತು. ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42; ಮಿಗ್–21 ವಿಮಾನಗಳು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದ ಮೇಲೆ ಉಳಿದದ್ದು 29.

ಕೊರತೆಯ ನಿಜವಾದ ಅರ್ಥ ತಿಳಿಯಲು 2020ರಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿಯನ್ನು ನೋಡಬೇಕು. ಸಿಯಾಚಿನ್, ಲಡಾಖ್‌ನಂಥ ಎತ್ತರದ ನೆಲೆಗಳಿಗೆ ಬೇಕಾದ ಹಿಮ ಕನ್ನಡಕಗಳು ಸಾಕಷ್ಟಿರಲಿಲ್ಲ. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ವಿಶೇಷ ಬೂಟುಗಳ ಖರೀದಿ ಆಗದೆ, ಬಳಸಿದ ಬೂಟುಗಳನ್ನೇ ಸರಿಮಾಡಿ ಮತ್ತೆ ಕೊಡಬೇಕಾಯಿತು. ಹಿಮದ ಬಿಸಿಲಿಗೆ ಕನ್ನಡಕವಿಲ್ಲದೆ ನಿಂತರೆ ಕಣ್ಣಿಗೆ ಕುರುಡು ಕವಿಯುತ್ತದೆ, ಬೂಟು ಸೋತರೆ ಕಾಲ್ಬೆರಳು ಹೆಪ್ಪುಗಟ್ಟಿ ಕೊಳೆಯುತ್ತದೆ. 2017ರ ಇನ್ನೊಂದು ವರದಿ, ಪರಿಶೀಲಿಸಿದ ಮದ್ದುಗುಂಡುಗಳ ವಿಧಗಳಲ್ಲಿ ಶೇ 40ರಷ್ಟು ಹತ್ತು ದಿನಗಳ ತೀವ್ರ ಯುದ್ಧಕ್ಕೂ ಸಾಲದೆಂದು ಎಚ್ಚರಿಸಿತ್ತು.

ಕಡಿತದ ಪರ ವಾದ

ಇದರ ಎದುರಿಗೆ ಇಡುವ ಅಂಕಿಗಳೂ ಅಷ್ಟೇ ಗಂಭೀರ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ವೇಳೆಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತ್ತು. 2021–22ರಲ್ಲಿ, ಕೋವಿಡ್ ಕಾಲದಲ್ಲೂ, ಕೇಂದ್ರ ಮತ್ತು ರಾಜ್ಯಗಳೆಲ್ಲ ಸೇರಿ ಮಾಡಿದ ಖರ್ಚು ಶೇ 1.84. ಶಿಕ್ಷಣಕ್ಕೆ ಜಿಡಿಪಿಯ ಶೇ 6 ಕೊಡಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿದ್ದು ಇನ್ನೂ ಈಡೇರಿಲ್ಲ. ಆಸ್ಪತ್ರೆಯಲ್ಲಿ ವೈದ್ಯರಿಲ್ಲದೆ, ಶಾಲೆಯಲ್ಲಿ ಶಿಕ್ಷಕರಿಲ್ಲದೆ ಬೆಳೆದ ತಲೆಮಾರಿನಿಂದಲೇ ನಾಳೆಯ ಸೈನಿಕರೂ ವಿಜ್ಞಾನಿಗಳೂ ಬರಬೇಕು.

ಎರಡನೆಯ ಆಕ್ಷೇಪ ಶಸ್ತ್ರಸ್ಪರ್ಧೆಯದು. ಒಂದು ದೇಶ ತನ್ನ ರಕ್ಷಣೆಗೆಂದು ಕೂಡಿಡುವ ಆಯುಧ ನೆರೆಯವರ ಕಣ್ಣಿಗೆ ಬೆದರಿಕೆಯಾಗಿ ಕಾಣುತ್ತದೆ, ಅವರೂ ಕೂಡಿಡುತ್ತಾರೆ, ಕೊನೆಗೆ ಇಬ್ಬರೂ ಮೊದಲಿಗಿಂತ ಅಸುರಕ್ಷಿತರಾಗುತ್ತಾರೆ. ರಾಜ್ಯಶಾಸ್ತ್ರಜ್ಞ ಜಾನ್ ಹರ್ಟ್ಸ್ 1950ರಲ್ಲಿ ಇದನ್ನು ಭದ್ರತೆಯ ಸಂದಿಗ್ಧ ಎಂದು ಗುರುತಿಸಿದರು. ರಾಜತಾಂತ್ರಿಕತೆ ಈ ಸುಳಿಯಿಂದ ಹೊರಬರುವ ದಾರಿ. ಪಿ.ವಿ. ನರಸಿಂಹ ರಾವ್ ಕಾಲದಲ್ಲಿ, 1993ರ ಸೆಪ್ಟೆಂಬರ್‌ನಲ್ಲಿ ಚೀನಾದೊಂದಿಗೆ ಆದ ಗಡಿ ಶಾಂತಿ ಒಪ್ಪಂದದ ನಂತರ ಎರಡು ದಶಕಕ್ಕೂ ಹೆಚ್ಚು ಕಾಲ ಆ ಗಡಿಯಲ್ಲಿ ದೊಡ್ಡ ರಕ್ತಪಾತವಾಗಲಿಲ್ಲ. ಆದರೆ 2025–26ರಲ್ಲಿ ವಿದೇಶಾಂಗ ಸಚಿವಾಲಯಕ್ಕೆ ಸಿಕ್ಕಿದ್ದು ₹20,516 ಕೋಟಿ. ಅದು ರಕ್ಷಣಾ ಬಜೆಟ್‌ನ ಶೇ 3ರಷ್ಟು ಮಾತ್ರ.

ಆರ್ಥಿಕ ಬೆಳವಣಿಗೆಯೊಂದಿಗೆ ಸಂಬಂಧ

ಸೇನಾ ವೆಚ್ಚ ಬೆಳವಣಿಗೆಗೆ ಪೂರಕವೋ ಮಾರಕವೋ ಎಂಬುದು ಅರ್ಥಶಾಸ್ತ್ರದ ಹಳೆಯ ಚರ್ಚೆ. ಎಮಿಲ್ ಬೆನ್ವಾ 1973ರಲ್ಲಿ 44 ಅಭಿವೃದ್ಧಿಶೀಲ ದೇಶಗಳನ್ನು ಅಧ್ಯಯನ ಮಾಡಿ, ರಕ್ಷಣೆಗೆ ಹೆಚ್ಚು ವ್ಯಯಿಸಿದ ದೇಶಗಳು ವೇಗವಾಗಿ ಬೆಳೆದಿವೆ ಎಂದರು. ಹೂಡಿಕೆಗೆ ಸಿಗಬೇಕಾದ ಉಳಿತಾಯವನ್ನು ಸೇನಾ ವೆಚ್ಚ ಕಸಿಯುತ್ತದೆ ಎಂದು ನಂತರದ ಹಲವು ಅಧ್ಯಯನಗಳು ಅದನ್ನು ಅಲ್ಲಗಳೆದವು. ಹಣ ಎಲ್ಲಿ ಇಳಿಯುತ್ತದೆ ಎಂಬುದು ಇಲ್ಲಿ ನಿರ್ಣಾಯಕ: ಆಮದಿಗೆ ಕೊಟ್ಟರೆ ಉದ್ಯೋಗವೂ ತಂತ್ರಜ್ಞಾನವೂ ಹೊರದೇಶದಲ್ಲಿ ಬೆಳೆಯುತ್ತವೆ. 2020–24ರ ಅವಧಿಯಲ್ಲಿ ಉಕ್ರೇನ್ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಶಸ್ತ್ರ ಆಮದುದಾರ ಭಾರತವೇ. ಕೌಟಿಲ್ಯನ ಅರ್ಥಶಾಸ್ತ್ರ ರಾಜ್ಯದ ಸಪ್ತಾಂಗಗಳಲ್ಲಿ ಕೋಶವನ್ನು ದಂಡಕ್ಕಿಂತ ಮೊದಲು ಇಡುತ್ತದೆ. ಬೊಕ್ಕಸ ಬರಿದಾದರೆ ಸೇನೆ ನಿಲ್ಲದು ಎಂಬ ವಿವೇಕ ಅಲ್ಲಿದೆ.

ಇತರ ದೇಶಗಳ ಅನುಭವ

ಮಧ್ಯ ಅಮೆರಿಕದ ಕೋಸ್ಟರಿಕ 1948ರ ಡಿಸೆಂಬರ್ 1ರಂದು, ಹೊಸೆ ಫಿಗೆರೆಸ್ ನಾಯಕತ್ವದಲ್ಲಿ, ಸೇನೆಯನ್ನೇ ರದ್ದುಮಾಡಿ ಶಿಕ್ಷಣ, ಆರೋಗ್ಯಕ್ಕೆ ಒತ್ತು ಕೊಟ್ಟಿತು. ವಿವಾದಿತ ಗಡಿಯಾಚೆ ಬಲಿಷ್ಠ ಸೇನೆಗಳನ್ನು ಎದುರಿಸುವ ದೇಶಕ್ಕೆ ಈ ದಾರಿ ತೆರೆದಿಲ್ಲ. ಶ್ರೀಲಂಕಾ 2009ರಲ್ಲಿ ಅಂತರ್ಯುದ್ಧ ಮುಗಿದ ಮೇಲೂ ಬೃಹತ್ ಸೇನೆಯನ್ನು ಉಳಿಸಿಕೊಂಡಿತ್ತು. 2022ರಲ್ಲಿ ದಿವಾಳಿಯಾದ ನಂತರ, 2030ರೊಳಗೆ ಸೇನೆಯನ್ನು ಒಂದು ಲಕ್ಷಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಯುರೋಪಿನಲ್ಲಿ ಗಾಳಿ ತದ್ವಿರುದ್ಧ ದಿಕ್ಕಿನಲ್ಲಿದೆ. ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ನೇಟೊ ದೇಶಗಳು 2025ರ ಹೇಗ್ ಶೃಂಗಸಭೆಯಲ್ಲಿ, 2035ರೊಳಗೆ ರಕ್ಷಣೆ ಮತ್ತು ತತ್ಸಂಬಂಧಿ ಬಾಬ್ತುಗಳಿಗೆ ಜಿಡಿಪಿಯ ಶೇ 5 ವ್ಯಯಿಸಲು ಒಪ್ಪಿದವು.

ಚೀನಾದ ಹೋಲಿಕೆ ಭಾರತಕ್ಕೆ ಹೆಚ್ಚು ಬೋಧಪ್ರದ. ಸಿಪ್ರಿಯ ಪ್ರಕಾರ 2024ರಲ್ಲಿ ಚೀನಾ ವ್ಯಯಿಸಿದ್ದು ತನ್ನ ಜಿಡಿಪಿಯ ಶೇ 1.7; ಭಾರತಕ್ಕಿಂತ ಕಡಿಮೆ ಪಾಲು. ಆದರೆ ಮೊತ್ತ 31,400 ಕೋಟಿ ಡಾಲರ್. ಭಾರತದ್ದು 8,610 ಕೋಟಿ. ಅಂತರ ಹುಟ್ಟಿದ್ದು ಆರ್ಥಿಕತೆಯ ಗಾತ್ರದಿಂದ. ಭಾರತ ಶೇ 3ಕ್ಕೆ ಏರಿದರೂ ಈ ಅಂತರ ಮುಚ್ಚದು.

ಕರ್ನಾಟಕದ ಪಾಲು

ರಕ್ಷಣಾ ಬಜೆಟ್‌ನ ಏರಿಳಿತ ಕರ್ನಾಟಕಕ್ಕೆ ನೇರವಾಗಿ ತಟ್ಟುತ್ತದೆ. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಇಂದಿನ ಎಚ್‌ಎಎಲ್. 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ಹೆಲಿಕಾಪ್ಟರ್‌ಗಳಿಗೆ ಸುಮಾರು ₹62,700 ಕೋಟಿಯ ಒಪ್ಪಂದವಾಯಿತು. ಇಂಥ ಆದೇಶಗಳ ಜಾಡಿನಲ್ಲಿ ಪೀಣ್ಯದ ಸಣ್ಣ ಕೈಗಾರಿಕೆಗಳಿಗೂ ಕೆಲಸ ಹರಿದುಬರುತ್ತದೆ.

ಸಂಶೋಧನೆಗೆ ತಾಳ್ಮೆಯಿಂದ ಹಣ ಹೂಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರೇ ಉದಾಹರಣೆ. ತೇಜಸ್ ವಿಮಾನಕ್ಕೆಂದು 1989ರಲ್ಲಿ ಆರಂಭವಾದ ಕಾವೇರಿ ಎಂಜಿನ್ ಆ ವಿಮಾನಕ್ಕೆ ಅಳವಡಲೇ ಇಲ್ಲ. 2021ರಲ್ಲಿ ಆದೇಶ ಪಡೆದ 83 ತೇಜಸ್ ಮಾರ್ಕ್–1ಎ ವಿಮಾನಗಳ ಹಸ್ತಾಂತರ ತಡವಾಗಲು ಅಮೆರಿಕದಿಂದ ಬರಬೇಕಾದ ಎಂಜಿನ್‌ಗಳ ವಿಳಂಬ ಮುಖ್ಯ ಕಾರಣವಾಯಿತು. ಇನ್ನು ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಹೊಲ, ಮನೆ, ಕಡಲತೀರ ಬಿಟ್ಟುಕೊಟ್ಟವು. ಅವರ ಪರಿಹಾರದ ಹೋರಾಟ ದಶಕಗಳ ಕಾಲ ನಡೆಯಿತು. ದೇಶದ ರಕ್ಷಣೆಗೆ ಅವರು ತೆತ್ತ ಈ ಬೆಲೆ ಯಾವ ಬಜೆಟ್ ಪುಸ್ತಕದಲ್ಲೂ ನಮೂದಾಗಿಲ್ಲ.

ಮೌಲ್ಯಮಾಪನ

ಶೇ 3 ಎಂಬ ಗುರಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. 2024–25ರಲ್ಲಿ ಬಂಡವಾಳ ವೆಚ್ಚಕ್ಕೆ ಕೊಟ್ಟ ₹1,72,000 ಕೋಟಿಯನ್ನು ಪರಿಷ್ಕೃತ ಅಂದಾಜಿನಲ್ಲಿ ₹1,59,500 ಕೋಟಿಗೆ ಇಳಿಸಲಾಯಿತು. ಸೇನೆಗೆ ಆಯುಧ ಸಾಲದು, ಕೊಟ್ಟ ಹಣವೂ ಪೂರ್ತಿ ಖರ್ಚಾಗದು ಎಂಬ ಈ ಸ್ಥಿತಿಗೆ ಖರೀದಿ ಪ್ರಕ್ರಿಯೆಯ ನಿಧಾನಗತಿ ಕಾರಣ. ಅಗತ್ಯದ ಅನುಮೋದನೆ, ಟೆಂಡರ್, ಕ್ಷೇತ್ರ ಪರೀಕ್ಷೆ, ದರ ಮಾತುಕತೆ, ಸಚಿವ ಸಂಪುಟದ ಭದ್ರತಾ ಸಮಿತಿಯ ಒಪ್ಪಿಗೆ ಎಂಬ ಹಂತಗಳನ್ನು ದಾಟಲು ವರ್ಷಗಳೇ ಹಿಡಿಯುತ್ತವೆ. ವರ್ಷಾಂತ್ಯದಲ್ಲಿ ರದ್ದಾಗದ ಆಧುನೀಕರಣ ನಿಧಿಯನ್ನು ಸ್ಥಾಪಿಸಬೇಕೆಂದು 15ನೇ ಹಣಕಾಸು ಆಯೋಗ ಮಾಡಿದ ಶಿಫಾರಸು ಈ ರೋಗದ ಮೂಲವನ್ನೇ ಮುಟ್ಟುವಂಥದ್ದು. ಮೂರು ಸೇನೆಗಳ ಜಂಟಿ ಕಮಾಂಡ್‌ಗಳನ್ನು ರಚಿಸಿ ಒಂದೇ ಕೆಲಸಕ್ಕೆ ಮೂರು ಕಡೆ ಆಗುವ ಖರ್ಚನ್ನು ತಪ್ಪಿಸುವುದೂ ಅಷ್ಟೇ ಅಗತ್ಯ.

ಹೀಗಾಗಿ ಭಾರತದ ಮಟ್ಟಿಗೆ ಸರಿಯಾದ ಉತ್ತರ ಎರಡು ಭಾಗಗಳದು: ಬಂಡವಾಳ ಮತ್ತು ಸಂಶೋಧನೆಯ ಪಾಲು ವರ್ಷದಿಂದ ವರ್ಷಕ್ಕೆ ಸ್ಥಿರವಾಗಿ ಏರಬೇಕು, ವಿಳಂಬ, ಒಂದೇ ಕೆಲಸದ ಪುನರಾವರ್ತನೆ ಮತ್ತು ಆಮದಿನ ಅವಲಂಬನೆಗೆ ಹೋಗುವ ಹಣ ಇಳಿಯಬೇಕು. ಶಾಲೆ, ಆಸ್ಪತ್ರೆಗಳ ಬಾಬ್ತಿನಿಂದ ಕಿತ್ತು ಸೇನೆಗೆ ಕೊಡುವ ಅಗತ್ಯ ಆಗ ಬೀಳುವುದಿಲ್ಲ. ಇದು ಆಗಬೇಕಾದರೆ ಸಂಸತ್ತು ತನ್ನ ಕೆಲಸ ಮಾಡಬೇಕು. ಲಕ್ಷಾಂತರ ಕೋಟಿಯ ರಕ್ಷಣಾ ಬೇಡಿಕೆಗಳು ಎಷ್ಟೋ ವರ್ಷ ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ, ಇತರ ಬೇಡಿಕೆಗಳ ಜೊತೆ ಒಟ್ಟಾಗಿ ಅಂಗೀಕಾರವಾಗಿವೆ. ಪ್ರತಿ ಬಜೆಟ್‌ನಲ್ಲೂ ಜನಪ್ರತಿನಿಧಿಗಳು ಕೇಳಲೇಬೇಕಾದ ಪ್ರಶ್ನೆಗಳು ಮೂರು: ಕಳೆದ ವರ್ಷ ಕೊಟ್ಟದ್ದರಲ್ಲಿ ಎಷ್ಟು ಖರ್ಚಾಯಿತು, ಅದರಿಂದ ಗಡಿಯಲ್ಲಿರುವ ಯೋಧನ ಕೈಗೆ ಏನು ತಲುಪಿತು, ಅದರಲ್ಲಿ ಎಷ್ಟು ಈ ನೆಲದಲ್ಲೇ ತಯಾರಾಯಿತು.